ತಾರಾಬಾಯಿಯ ಬೆರಳುಗಳು

ಕೂಸಿನ ಬೆನ್ನಿನ ಮೇಲೆ ಎದ್ದಿದ್ದ ಕೆಂಪು ಗುರುತು ಮಧ್ಯಾಹ್ನದ ಹೊತ್ತಿಗೆ ಅಳಿಸಿಹೋಯಿತು. ಪೂನಮಳ ಮನಸ್ಸಿನಿಂದ ಮಾತ್ರ ಅಳಿಸಲಿಲ್ಲ. ಮಂಗಳವಾರ ಕಂಡದ್ದು ಗುರುವಾರವಾದರೂ ಕಣ್ಣು ಮುಚ್ಚಿದರೆ ಅದೇ: ಅಂಗೈಯಗಲದ ಕೆಂಪು, ನೀರು ಹರಿದ ದಾರಿಯಲ್ಲೇ ಸೊಂಟದ ಕಡೆಗೆ ಇಳಿದದ್ದು. ಮೊಬೈಲಿನಲ್ಲಿ ಅದರ ನಾಲ್ಕು ಫೋಟೋ ಇದ್ದವು. ಅನ್ನ ಬಸಿಯುವಾಗೊಮ್ಮೆ, ಬಟ್ಟೆ ಒಣಹಾಕುವಾಗೊಮ್ಮೆ ತೆಗೆದು, ದೊಡ್ಡದು ಮಾಡಿ ನೋಡುತ್ತಿದ್ದಳು.

ಸೊಳ್ಳೆ ಕಚ್ಚಿದ್ದಲ್ಲ. ಬೆವರುಸಾಲೆಯೂ ಅಲ್ಲ, ಇದು ಚಳಿಗಾಲ. ಇದು ಬಿಸಿನೀರಿನ ಗುರುತು. ನೀರು ಎರೆದವಳು ಅತ್ತೆ.

ಶಿರಗುಪ್ಪಿಯ ಆ ಮನೆಯಲ್ಲಿ ಐದು ತಿಂಗಳ ಸುಹಾನಿಗೆ ದಿನವೂ ಎರೆಯುವವಳು ಅಜ್ಜಿ ತಾರಾಬಾಯಿಯೇ. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಎರಡೂ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ, ತಂಬಿಗೆಯಿಂದ ಎರೆಯುವುದು. ಕಬ್ಬಿನ ಒಣ ಎಲೆಯ, ರವದಿಯ, ಉರಿಗೆ ಹಂಡೆಯ ನೀರು ಬುಳುಬುಳು ಕಾದಿರುತ್ತದೆ. ಅದನ್ನು ಬಕೆಟ್ಟಿಗೆ ತೋಡಿ, ತಣ್ಣೀರು ಬೆರೆಸಿ, ಎರೆಯುವ ಮೊದಲು ತಾರಾಬಾಯಿ ತಪ್ಪದೆ ಒಂದು ಕೂಗು ಹಾಕುತ್ತಿದ್ದಳು.

"ಪೂನಮಾ, ಬಾ ಬೇ ಒಮ್ಮಿ. ನೀರಿನ ಹದಾ ನೋಡ."

ಈ ಕೂಗು ಪೂನಮಳಿಗೆ ಆಗಿಬರುತ್ತಿರಲಿಲ್ಲ. ಕುದಿಯುವ ಬೆಲ್ಲದ ಪಾಕಕ್ಕೆ ಬೆರಳದ್ದಿ ಹದ ಹೇಳುವ ಹೆಂಗಸು ಬಕೆಟ್ ನೀರಿಗೆ ಸೊಸೆಯನ್ನು ಕರೆಯುತ್ತಾಳೆಂದರೆ ಏನರ್ಥ? ಒಂದೋ ಪರೀಕ್ಷೆ. ಇಲ್ಲವೆ, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ, "ಆಕೀನ ನೋಡಿ ಹೂಂ ಅಂದಿದ್ಳು" ಎನ್ನಲು ಮೊದಲೇ ಕಟ್ಟಿಟ್ಟುಕೊಂಡ ಸಾಕ್ಷಿ.

ಮಂಗಳವಾರವೂ ಕರೆದಿದ್ದಳು. ಅಂದು ಗಂಡ ಸಮ್ಮೇದನಿಗೆ ಮೊದಲ ಪಾಳಿ. ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಮನೆಯ ಕೆಲಸವೆಲ್ಲ ಹಿಂದುಮುಂದಾಗಿತ್ತು. ಕೂಸಿನ ಹಾಲಿನ ಬಾಟಲಿಗಳನ್ನು ಬಿಸಿನೀರಲ್ಲಿ ತೊಳೆಯುತ್ತಿದ್ದ ಪೂನಮ ಅರ್ಧಕ್ಕೆ ಬಿಟ್ಟು ಬಂದು, ಬಕೆಟ್ಟಿಗೆ ಕೈ ಅದ್ದಿ, "ಸರಿ ಅದ ರೀ ಅತ್ತಿ" ಎಂದು ಹೇಳಿ ಹೋಗಿದ್ದಳು. ನೀರು ಉಗುರುಬೆಚ್ಚಗಿತ್ತು. ಅದು ಅವಳಿಗೆ ಚೆನ್ನಾಗಿ ನೆನಪಿದೆ. ಅಂದಮೇಲೆ ತಾನು ಬೆನ್ನು ತಿರುಗಿಸಿದ ಮೇಲೆ ಅತ್ತೆ ಹಂಡೆಯಿಂದ ಮತ್ತೊಂದು ತಂಬಿಗೆ ಸುಡುನೀರು ಸುರಿದಿರಬೇಕು. ಯಾಕೆ? ಇಲ್ಲಿಗೆ ಬಂದು ಅವಳ ಯೋಚನೆ ನಿಂತುಬಿಡುತ್ತಿತ್ತು, ಹಗ್ಗ ಎಳೆದ ದನದ ಹಾಗೆ.

ಗಂಡನ ಮುಂದೆ ಹೇಳಿದಳು. ಸಮ್ಮೇದ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕಬ್ಬಿನ ಹಾಲಿನ ಸಿಹಿ ಅಳೆಯುವವನು. ನಕ್ಕುಬಿಟ್ಟ.

"ಏ ಹುಚ್ಚಿ, ನಮ್ಮವ್ವನ ಬೆರಳ ಅಂದ್ರ ನಮ್ಮ ಲ್ಯಾಬಿನ ಮಷೀನ್ ಇದ್ದಂಗ. ಮಷೀನರ ಒಮ್ಮೊಮ್ಮೆ ಸುಳ್ಳ ಹೇಳತೈತಿ, ಆಕಿ ಬೆರಳ ಹೇಳಾಂಗಿಲ್ಲ."

"ಹಂಗಾದ್ರ ಈ ಫೋಟೋ ಸುಳ್ಳೇನ್ರಿ?"

"ಕೂಸಿನ ಚರ್ಮ ಐತಿ, ಮುಟ್ಟಿದ್ರ ಕೆಂಪಾಗತೈತಿ. ಬಿಡ ಅದನ್ನ."

ಇಡೀ ಊರೇ ಹೀಗೆ. ತಾರಾಬಾಯಿಯ ಬೆರಳಿನ ವಿಷಯಕ್ಕೆ ಬಂದರೆ ಎಲ್ಲರೂ ಒಂದೇ ಪಾಠ ಒಪ್ಪಿಸುತ್ತಾರೆ. ಏಕಸಂಬಿಯಿಂದ ಹದಿನೆಂಟಕ್ಕೆ ಈ ಮನೆಗೆ ಸೊಸೆಯಾಗಿ ಬಂದವಳು ಆಕೆ. ಮನೆಯ ಹಿಂದೆ ಗಾಣ. ಕಬ್ಬು ಅರೆದು, ಹಾಲು ಕಾಸಿ, ಬೆಲ್ಲ ಹುಯ್ಯುವ ಜಾಗ. ಪಾಕ ಇಳಿಸುವ ಕ್ಷಣ ಹೇಳುವವನಿಗೆ ಇಲ್ಲಿ ಗುಳವ್ಯಾ ಅನ್ನುತ್ತಾರೆ. ಅರ್ಧ ನಿಮಿಷ ಮೊದಲಾದರೆ ಬೆಲ್ಲ ಜಿಗುಟಾಗುತ್ತದೆ, ಅರ್ಧ ನಿಮಿಷ ತಡವಾದರೆ ಕಲ್ಲಾಗುತ್ತದೆ. ಒಂದು ವರ್ಷ ಹಂಗಾಮಿನ ನಡುವೆ ಗುಳವ್ಯಾ ಜಗಳಾಡಿ ಎದ್ದುಹೋದ. ಆಕೆಯ ಮಾವ ಭಾವುಸಾಹೇಬ ತಾನೇ ಹದ ನೋಡಲು ಹೋಗಿ ಮೂರು ಕಡಾಯಿ ಕೆಡಿಸಿದ. ನಾಲ್ಕನೆಯದಕ್ಕೆ, ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತಿದ್ದ ತಾರಾಬಾಯಿ ಮುಂದೆ ಬಂದು, ಬೆರಳನ್ನು ತಣ್ಣೀರಲ್ಲಿ ಅದ್ದಿ, ಪಾಕದಲ್ಲಿ ಅದ್ದಿ, ಮತ್ತೆ ತಣ್ಣೀರಿಗೆ ತಂದು, ಹೆಬ್ಬೆರಳಿನಿಂದ ಉರುಟಿ, "ಇಳಸ್ರಿ" ಅಂದಳಂತೆ. ಗಂಡಸರು ನಕ್ಕರಂತೆ. ಇಳಿಸಿದರು. ಆ ಬೆಲ್ಲ ಚಿನ್ನದ ಹಾಗೆ ಬಂತು. ಅಂದಿನಿಂದ ಮೂವತ್ತು ವರ್ಷ ಗಾಣದ ಹದವೆಲ್ಲ ಅವಳದೇ. "ತಾರವ್ವನ ಬೆರಳಿಗೆ ಕಣ್ಣ ಅದಾವು" ಎಂದು ಕಾಗವಾಡದವರೆಗೆ ಮಾತು.

ಪೂನಮ ಬೆಳಗಾವಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಬೆರಳಿಗೆ ಕಣ್ಣಿರುವುದಿಲ್ಲ, ಗ್ರಾಹಕಗಳಿರುತ್ತವೆ ಎಂದು ಅವಳಿಗೆ ಗೊತ್ತು. ಚರ್ಮದ ಕೆಳಗೆ ಬಿಸಿಗೆ ಬೇರೆ, ತಂಪಿಗೆ ಬೇರೆ, ಒತ್ತಡಕ್ಕೆ ಬೇರೆ, ನೋವಿಗೆ ಬೇರೆ, ಒಂದೊಂದು ಸುದ್ದಿಗೆ ಒಂದೊಂದು ಜಾತಿಯ ನರತುದಿ ಕಾದು ಕೂತಿರುತ್ತದೆ. ಬಂದ ಸುದ್ದಿಯನ್ನು ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ದಾಟಿಸುತ್ತದೆ. ಇಷ್ಟು ಗೊತ್ತಿದ್ದವಳಿಗೆ ಅತ್ತೆಯ ಕಣ್ಣುಳ್ಳ ಬೆರಳು ಮೊದಲಿನಿಂದಲೂ ಬಣ್ಣ ಬಳಿದ ಕಥೆ ಅನ್ನಿಸಿತ್ತು. ಈಗ ಆ ಬೆರಳುಗಳನ್ನೇ ಕಾಯಲು ಕುಳಿತಳು.

ಕಾದವಳಿಗೆ ಕಾಣದ್ದೆಲ್ಲ ಕಂಡಿತು. ತಾರಾಬಾಯಿ ಮಾತನಾಡುವಾಗ ಕೈ ಸೆರಗಿನೊಳಗೆ ಇಟ್ಟುಕೊಳ್ಳುತ್ತಾಳೆ. ಹಾಲಿಲ್ಲದ ಚಹಾದ ಕಪ್ಪನ್ನು ಎರಡೂ ಕೈಯಿಂದ, ಕೈಯತ್ತ ಕಣ್ಣಿಟ್ಟೇ ಹಿಡಿಯುತ್ತಾಳೆ. ನೋಡದೆ ಹಿಡಿದಾಗ ಜಾರುತ್ತದೆ. ಕುಡಿಯುವ ನೀರು ಸೋಸಲು ನಲ್ಲಿಗೆ ಬಟ್ಟೆ ಕಟ್ಟುವಾಗ ಗಂಟು ಬೀಳುವುದಿಲ್ಲ. "ಹಾಳಾದ ದಾರ" ಎಂದು ಬೈದು ಹಲ್ಲಿನಿಂದ ಎಳೆಯುತ್ತಾಳೆ. ಗುರುವಾರ ಆಕೆಯ ತೋರುಬೆರಳಿನಲ್ಲಿ ಕಡಲೆಯಷ್ಟು ಗುಳ್ಳೆ ಎದ್ದಿತ್ತು.

"ಅತ್ತಿ, ಬೆರಳಿಗೆ ಏನಾತ್ರಿ?"

ತಾರಾಬಾಯಿ ತನ್ನ ಬೆರಳನ್ನು ಬೇರೆ ಯಾರದೋ ಬೆರಳಿನ ಹಾಗೆ ತಿರುಗಿಸಿ ನೋಡಿಕೊಂಡಳು. "ಒಗ್ಗರಣಿ ಸಿಡೀತು."

ಅಂದು ಮನೆಯಲ್ಲಿ ಒಗ್ಗರಣೆಯನ್ನೇ ಹಾಕಿರಲಿಲ್ಲ. ಅಡುಗೆ ಮಾಡಿದವಳು ಪೂನಮ.

ಶುಕ್ರವಾರ ಹಸಿ ಕೆಂಪು ಮೆಣಸಿನಕಾಯಿ ರುಬ್ಬಿ ರಂಜಕ ಮಾಡುತ್ತಿದ್ದರು. ಗುಳ್ಳೆ ಒಡೆದು ಹಸಿ ಮಾಂಸ ಕಾಣುತ್ತಿದ್ದ ಅದೇ ಬೆರಳಿನಿಂದ ತಾರಾಬಾಯಿ ಮಿಕ್ಸರಿನ ತಳದ ಖಾರವನ್ನು ಬಳಿದು ಬಳಿದು ಭರಣಿಗೆ ತುಂಬಿದಳು. ಹುಬ್ಬೂ ಅಲುಗಲಿಲ್ಲ. ಮೆಣಸಿನ ಖಾರ ರುಚಿಯಲ್ಲ, ಉರಿ. ಸುಡುವ ಬಿಸಿಗೆ ಎಚ್ಚರಗೊಳ್ಳುವ ಗ್ರಾಹಕವನ್ನೇ ಖಾರವೂ ಎಬ್ಬಿಸುತ್ತದೆ. ಅದಕ್ಕೇ ಮೆಣಸು ಕಡಿದರೆ ಬಾಯಿ 'ಸುಡುತ್ತದೆ'. ಗಾಯದ ಮೇಲೆ ಖಾರ ಬಿದ್ದೂ ಸುಮ್ಮನಿರುವ ಬೆರಳೆಂದರೆ, ಅಲ್ಲಿ ಗಂಟೆ ಬಾರಿಸುವವರೇ ಇಲ್ಲ.

ಗಾಣದಲ್ಲೂ ಮನೆಯಲ್ಲೂ ಕೆಲಸ ಮಾಡುವ ಕಾಶಿಬಾಯಿಯನ್ನು ಹಿತ್ತಲಿಗೆ ಕರೆದು ಮೆಲ್ಲಗೆ ಕೇಳಿದಳು.

"ಕಾಶಿಬಾಯಿ, ಅತ್ತಿ ಈಗೂ ಪಾಕದಾಗ ಬೆರಳ ಹಾಕ್ತಾರೇನ?"

"ನಿಮಗ್ಯಾರ ಹೇಳಿದ್ರಿ?" ಕಾಶಿಬಾಯಿ ಅತ್ತಿತ್ತ ನೋಡಿದಳು. "ಈ ವರ್ಷ ಹಾಕೇ ಇಲ್ರಿ. ಸೌಟಲೆ ತಗದು ನೀರಾಗ ಬಿಡ್ತಾರ, ಗೋಲಿ ಆದ್ಮ್ಯಾಲ ತಾಟಿಗೆ ಒಗೀತಾರ. ಟಣ್ ಅಂತ ಸಪ್ಪಳ ಕೇಳಿ 'ಇಳಸ್ರಿ' ಅಂತಾರ. ಮೂಗಲೆ ವಾಸನಿನೂ ಹಿಡೀತಾರ. ಹದಾ ಏನ ತಪ್ಪಿಲ್ಲ ಬಿಡ್ರಿ. ನಾ ಕೇಳಿದ್ರ, 'ವಯಸ್ಸಾತು, ಬಗ್ಗಾಕ ಬರಾಂಗಿಲ್ಲ' ಅಂದ್ರು. ಬಗ್ಗಾಕ ಬರಾಂಗಿಲ್ಲಂತ, ಕಡಾಯಿ ಸುತ್ತ ಹಾವಿನಂಗ ಸುತ್ತತಾರ!"

ಅಂದರೆ ಮುಚ್ಚಿಡುತ್ತಿದ್ದಾಳೆ. ಮನೆಯವರಿಂದ, ಗಾಣದವರಿಂದ, ಮಗನಿಂದ. ಪೂನಮ ಮೊಬೈಲ್ ಹಿಡಿದು ಮಾಳಿಗೆ ಹತ್ತಿದಳು. ಬೆರಳಿನ ಸ್ಪರ್ಶ ಹೋಗುವುದಕ್ಕೆ ಕಾರಣಗಳು ಒಂದರ ಕೆಳಗೊಂದು ಬಂದವು. ಸಕ್ಕರೆ ಕಾಯಿಲೆ. ಬಿ ಹನ್ನೆರಡು ಜೀವಸತ್ವದ ಕೊರತೆ. ಥೈರಾಯ್ಡ್. ಕೊನೆಗೆ ಕುಷ್ಠ. ಮೊದಲ ಮೂರನ್ನು ಅವಳ ಕಣ್ಣು ದಾಟಿಹೋಯಿತು, ನಾಲ್ಕನೆಯದು ಕಣ್ಣಿಗೆ ಅಂಟಿಕೊಂಡಿತು. ಈ ಕೈಗಳು ಐದು ತಿಂಗಳಿನಿಂದ ನನ್ನ ಕೂಸಿನ ಮೈಯನ್ನೆಲ್ಲ ತಿಕ್ಕಿವೆ. ಗೊತ್ತಿದ್ದೂ ತಿಕ್ಕಿವೆ. ಮಿರಜದ ಒಬ್ಬ ನರರೋಗ ವೈದ್ಯರ ಕ್ಲಿನಿಕ್ಕಿನ ನಂಬರನ್ನು ಮೊಬೈಲಿನಲ್ಲಿ ಹಾಕಿಕೊಂಡಳು. ಒತ್ತಲಿಲ್ಲ. ಒತ್ತಿದರೆ ಯಾರಿಗೆ, ಏನು ಎಂದು ಹೇಳಬೇಕಾಗುತ್ತದೆ. ಅಕ್ಕಪಕ್ಕದವರಿಗೆ ಗೊತ್ತಾದರೆ? ಸಮ್ಮೇದನಿಗೆ ಏನೆನ್ನುವುದು? ತಪ್ಪಾಗಿದ್ದರೆ?

ಶನಿವಾರ ಬೆಳಿಗ್ಗೆ ತಾರಾಬಾಯಿ ಎಣ್ಣೆಯ ಬಟ್ಟಲು ಹಿಡಿದು ಬಂದಾಗ ಪೂನಮ ಕೂಸನ್ನು ಎದೆಗೆ ಒತ್ತಿಕೊಂಡಳು.

"ಇವತ್ತಿಂದ ನಾನೇ ಎರೀತೀನ್ರಿ ಅತ್ತಿ. ಕಲೀಬೇಕಲ್ಲ ನಾನೂ."

ತಾರಾಬಾಯಿ ಜಗಳಕ್ಕೆ ಬರಲಿಲ್ಲ. "ನಿನ್ನಂಥಾಕಿ ಏನ ಎರೀತಿ" ಎಂದು ಚುಚ್ಚಲೂ ಇಲ್ಲ. ಬಟ್ಟಲನ್ನು ಕಟ್ಟೆಯ ಮೇಲಿಟ್ಟು, "ಹೂಂ, ಎರಿ" ಎಂದಳು. ಇಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ಪೂನಮಳ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು. ತಪ್ಪು ಮಾಡದವಳಾಗಿದ್ದರೆ ಹೀಗೆ ಸುಮ್ಮನಾಗುತ್ತಿದ್ದಳೇ?

ಅಂದು ಎಲ್ಲ ಕೆಲಸವೂ ಅವಳ ಒಬ್ಬಳ ತಲೆಯ ಮೇಲೆ. ಮೊದಲು ಬಾಟಲಿಗಳನ್ನು ಬಿಸಿನೀರಲ್ಲಿ ತೊಳೆದು ಮುಗಿಸಿದಳು. ನೀರು ಕೈ ಕೆಂಪಾಗುವಷ್ಟು ಬಿಸಿ, ಕ್ರಿಮಿ ಉಳಿಯಬಾರದಲ್ಲ. ಕೈ ಒರೆಸಿಕೊಂಡು ಬಚ್ಚಲಿಗೆ ಬಂದು, ಹಂಡೆಯ ನೀರು ತೋಡಿ, ತಣ್ಣೀರು ಬೆರೆಸಿ, ಕೈ ಅದ್ದಿದಳು. ಉಗುರುಬೆಚ್ಚಗೆ, ಮಂಗಳವಾರದ ಹಾಗೆಯೇ. ಅತ್ತೆಯಂತೆ ಕಾಲು ಚಾಚಿ ಕುಳಿತು ಕೂಸನ್ನು ಬೋರಲು ಮಲಗಿಸಿದಳು. ತಂಬಿಗೆ ತುಂಬಿ ಎತ್ತಿದಳು.

"ಪೂನಮಾ! ನಿಲ್ಲ ಬೇ!"

ಬಾಗಿಲಲ್ಲಿ ತಾರಾಬಾಯಿ. ಯಾವಾಗ ಬಂದು ನಿಂತಿದ್ದಳೋ!

"ಕೈ ನೋಡಿಕೋ ನಿಂದು, ಹೆಂಗ ಕೆಂಪಗ ಅದಾವು. ಆ ಕೈಲೆ ಹದಾ ನೋಡ್ತಿಯೇನ? ಮೊಳಕೈ ಹಾಕ. ಮೊಳಕೈ ಹಾಕಿ ನೋಡ ಮೊದಲ."

ಪೂನಮಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಮೊಳಕೈಯನ್ನು ಬಕೆಟ್ಟಿಗೆ ಇಳಿಸಿದಳು. ಚಟಕ್ಕನೆ ಹಿಂದಕ್ಕೆ ಎಳೆದುಕೊಂಡಳು. ನೀರು ಸುಡುತ್ತಿತ್ತು.

ತಂಬಿಗೆ ಕೈಯಲ್ಲೇ ಉಳಿಯಿತು. ಎಂಟನೆಯ ತರಗತಿಯಲ್ಲಿ ಟೀಚರ್ ಮೇಜಿನ ಮೇಲೆ ಮೂರು ಬೋಗುಣಿ ಇಟ್ಟದ್ದು ನೆನಪಾಯಿತು. ಒಂದರಲ್ಲಿ ಬಿಸಿನೀರು, ಒಂದರಲ್ಲಿ ತಣ್ಣೀರು, ನಡುವಿನದರಲ್ಲಿ ಬೆಚ್ಚನೆಯದು. ಒಂದು ಕೈ ಬಿಸಿಯಲ್ಲಿ, ಒಂದು ಕೈ ತಣ್ಣನೆಯದರಲ್ಲಿ ಇಟ್ಟು, ಆಮೇಲೆ ಎರಡನ್ನೂ ನಡುವಿನ ಬೋಗುಣಿಗೆ ಹಾಕಿದರೆ, ಅದೇ ನೀರು ಒಂದು ಕೈಗೆ ತಣ್ಣಗೆ, ಇನ್ನೊಂದಕ್ಕೆ ಬಿಸಿ. ಚರ್ಮ ತಾಪಮಾಪಕವಲ್ಲ. ಇದ್ದುದಕ್ಕಿಂತ ಹೆಚ್ಚಾಯಿತೋ ಕಡಿಮೆಯಾಯಿತೋ, ಅಷ್ಟನ್ನೇ ಹೇಳುತ್ತದೆ. ಅದರ ಉತ್ತರವನ್ನು ಬರೆದು ಹತ್ತಕ್ಕೆ ಹತ್ತು ಅಂಕ ತೆಗೆದುಕೊಂಡವಳು ಅವಳು. ಸುಡುನೀರಿಗೆ ಒಗ್ಗಿಹೋದ ಕೈಯಿಂದ ಇವತ್ತು ಸುಡುನೀರನ್ನೇ ಬೆಚ್ಚಗಿದೆ ಅಂದುಕೊಂಡಿದ್ದಳು.

ಇವತ್ತು ಮಾತ್ರವಲ್ಲ. ಮಂಗಳವಾರವೂ.

ತಂಬಿಗೆ ಕೆಳಗಿಟ್ಟಳು. ಕೂಸನ್ನು ಸೀರೆಯಲ್ಲಿ ಸುತ್ತಿಕೊಂಡು ಎದ್ದಳು.

"ಆವತ್ತ ನನ್ನ ಕೈ ಹಿಂಗ ಇದ್ದದ್ದು ನೀವು ನೋಡಿದ್ರೇನ್ರಿ?"

"ಆಮ್ಯಾಲ ನೋಡಿನಿ. ಕೂಸಿನ ಬೆನ್ನ ನೋಡಿದ ಮ್ಯಾಲ ನಿನ್ನ ಕೈ ನೋಡಿನಿ."

"ಮತ್ತ ಯಾಕ ಹೇಳಲಿಲ್ಲ? ಐದ ದಿನದಿಂದ ನಾ..." ಉಳಿದದ್ದನ್ನು ನುಂಗಿದಳು.

"ನಿಂದ ಹೇಳಿದ್ರ ನಂದೂ ಹೇಳಬೇಕಾಗ್ತಿತ್ತಲ್ಲ." ತಾರಾಬಾಯಿ ಸೆರಗಿನೊಳಗಿಂದ ಎರಡೂ ಕೈ ಹೊರಗೆ ತೆಗೆದು ಸೊಸೆಯ ಮುಂದೆ ಚಾಚಿದಳು. ಒಡೆದ ಗುಳ್ಳೆ, ಎರಡು ಹಳೆಯ ಸುಟ್ಟ ಕಲೆ, ಉಗುರಿನ ಬದಿಯಲ್ಲಿ ಯಾವಾಗಲೋ ಚಾಕು ತಾಗಿದ ಗಾಯ. "ಬೆರಳ ಸತ್ತಾವು ಪೂನಮಾ. ಬಿಸಿ ಇಲ್ಲ, ತಂಪ ಇಲ್ಲ, ಮುಳ್ಳ ಚುಚ್ಚಿದ್ರೂ ಇಲ್ಲ. ನಿನ್ನ ದಿನಾ ಹದಾ ನೋಡ ಬಾ ಅಂತ ಕರೀತಿದ್ನಿ ನೋಡ, ಅದಾ ನಾ ಹೇಳಿದ್ದು. ನಿನಗ ತಿಳೀಲಿಲ್ಲ."

ಆ ಕೂಗನ್ನು ಪೂನಮ ಪರೀಕ್ಷೆ ಅಂದುಕೊಂಡಿದ್ದಳು, ಸಾಕ್ಷಿ ಅಂದುಕೊಂಡಿದ್ದಳು.

"ಮೊಳಕೈ ಅಂದ್ರಲ್ಲ, ಅದು ಹೆಂಗ ಗೊತ್ತಾತು?"

"ಮಂಗಳವಾರ ಆದಮ್ಯಾಲ ಹುಡುಕಿನಿ. ನೀ ಮಾಳಿಗಿ ಮ್ಯಾಲ ಹೋದಾಗ ಬಿಸಿನೀರ ಬೋಗುಣಿ ಇಟಗೊಂಡು ಕುಂತ್ನಿ. ಬೆರಳ, ಅಂಗೈ, ಮುಂಗೈ, ಒಂದೊಂದಾ ಅದ್ದಕೋತ ಬಂದ್ನಿ. ಎಲ್ಲಿ ಇನ್ನಾ ಜೀಂವ ಐತಿ ಅಂತ. ಮೊಳಕೈಗೆ ಬಂದಾಗ ಚುರ್ ಅಂತು." ಅಷ್ಟು ಹೇಳಿ ಆಕೆ ನಕ್ಕಳು. "ಸುಟ್ಟದ್ದಕ್ಕ ಹಿಂಗ ಖುಷಿ ಪಟ್ಟಾಕಿ ನಾ ಒಬ್ಬಾಕೀನ ಇರಬೇಕ ನೋಡ."

"ಮೊದಲಾ ಹೇಳಿದ್ರ ದವಾಖಾನಿಗೆ ಹೋಗಬಹುದಿತ್ತಲ್ರಿ ಅತ್ತಿ."

ತಾರಾಬಾಯಿಯ ನಗು ಇಳಿಯಿತು. ಬಚ್ಚಲ ಹೊಸ್ತಿಲ ಮೇಲೆ ಕುಳಿತಳು.

"ನಮ್ಮ ಚಿಗವ್ವಗ ಹಿಂಗ ಆಗಿತ್ತು. ರೊಟ್ಟಿ ಬಡಿವಾಗ ಹಂಚಿಗೆ ಬೆರಳ ಹತ್ತಿದ್ರೂ ತಿಳೀತಿರಲಿಲ್ಲ. ಯಾರೋ ಒಬ್ಬರು 'ಇದು ದೊಡ್ಡ ರೋಗ' ಅಂದ್ರು, ಮುಗೀತು. ದನದ ಕೊಟಗ್ಯಾಗ ಹಾಕಿದ್ರು. ಬ್ಯಾರೆ ತಾಟ, ಬ್ಯಾರೆ ತಂಬಗಿ. ಆಕಿ ಕೂಸಿಗೆ ಎರಡ ವರ್ಷ, ಕೊಟಗಿ ಬಾಗಲ್ದಾಗ ನಿಂತ ಅಳ್ತಿತ್ತು, ಎತಗೋಳಾಕ ಬಿಡ್ತಿರಲಿಲ್ಲ. ರೋಗ ಯಾವದಂತ ಡಾಕ್ಟರಿಗೆ ಯಾರೂ ಕೇಳಲಿಲ್ಲ. ಕೇಳಿದ್ರ ಹೆಸರ ಬರತೈತಿ ಅಂತ." ಕೂಸಿನ ಕಡೆ ನೋಡಿದಳು. "ನಾ ಹೇಳಿದ್ರ ನೀ ಇಕೀನ್ನ ನನ್ನ ತೊಡಿ ಮ್ಯಾಲ ಕೊಡ್ತಿದ್ದೇನ?"

ಕೊಡುತ್ತಿದ್ದೆ ಎಂದರೆ ಸುಳ್ಳಾಗುತ್ತಿತ್ತೆಂದು ಪೂನಮಳಿಗೆ ಗೊತ್ತಿತ್ತು. ಹೇಳುವ ಮೊದಲೇ ಕಸಿದುಕೊಂಡವಳು ತಾನು. ಈಗಲೂ ಆ ನಾಲ್ಕನೆಯ ಹೆಸರು ತಲೆಯ ಮೂಲೆಯಲ್ಲಿ ಕುಳಿತೇ ಇದೆ. ಆದರೆ ನಿನ್ನೆ ಕಣ್ಣು ದಾಟಿಹೋದ ಮೂರು ಹೆಸರುಗಳೂ ಈಗ ಎದ್ದು ಬಂದವು. ಈ ಮನೆಯಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ. ಅತ್ತೆಯಂತೂ ಎಷ್ಟೋ ವರ್ಷದಿಂದ ವ್ರತಕ್ಕೆಂದು ಹಾಲು ಮೊಸರನ್ನೂ ಬಿಟ್ಟವಳು, ವಾರಕ್ಕೆರಡು ಉಪವಾಸ. ಬಿ ಹನ್ನೆರಡು ಎಲ್ಲಿಂದ ಬರಬೇಕು? ಹಂಗಾಮಿನಲ್ಲಿ ಹದ ಹದ ಎಂದು ಬಾಯಿಗೆ ಹಾಕಿಕೊಳ್ಳುವ ಬೆಲ್ಲವೆಷ್ಟು? ರಕ್ತದ ಸಕ್ಕರೆಯನ್ನು ಯಾರಾದರೂ ಒಮ್ಮೆಯಾದರೂ ನೋಡಿಸಿದ್ದಾರೆಯೇ? ಕಾರ್ಖಾನೆಯಲ್ಲಿ ಮಗ ಊರಿನ ಕಬ್ಬಿನ ಸಿಹಿಯೆಲ್ಲ ಅಳೆಯುತ್ತಾನೆ, ತಾಯಿಯ ಮೈಯದನ್ನು ಅಳೆದಿಲ್ಲ.

"ಸಕ್ಕರಿ ಇರಬಹುದು, ವಿಟಮಿನ್ ಇರಬಹುದು," ಎಂದಳು. "ನೀವ ಹೆದರೂ ಅದಾ ಆಗಿದ್ರೂ ಈಗ ಗುಳಿಗಿ ಅದಾವ್ರಿ. ಸರಕಾರಿ ದವಾಖಾನ್ಯಾಗ ಪುಗಸಟ್ಟೆ ಕೊಡ್ತಾರ. ಕೊಟಗ್ಯಾಗ ಹಾಕೂ ಕಾಲ ಅಲ್ಲ ಇದು." ಹೇಳುವಾಗ ತನ್ನ ದನಿ ತನಗೇ ಅಷ್ಟು ಗಟ್ಟಿಯಾಗಿ ಕೇಳಲಿಲ್ಲ.

"ನಿನಗ ಹೆದರಿಕಿ ಇಲ್ಲೇನ?"

"ಐತ್ರಿ."

"ಸುಳ್ಳ ಹೇಳಲಿಲ್ಲಲ್ಲ, ಚಲೋ ಆತು." ತಾರಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮಾಡ, ಫೋನ್ ಮಾಡ. ಆದ್ರ ಕೂಸ ನನ್ನ ತೊಡಿ ಮ್ಯಾಲ ಹಾಕಿ ಮಾಡ. ಆಮ್ಯಾಲ ಕೊಡ್ತೀಯೋ ಇಲ್ಲೋ."

ಪೂನಮ ಒಂದು ಗಳಿಗೆ ನಿಂತಳು. ಅಷ್ಟು ಹೊತ್ತು ನಿಂತದ್ದು ಅತ್ತೆಗೂ ಕಂಡಿತು. ಆಮೇಲೆ ಬಗ್ಗಿ ಸುಹಾನಿಯನ್ನು ಆ ಚಾಚಿದ ತೋಳುಗಳ ಮೇಲೆ ಇಟ್ಟಳು. ಕೂಸಿನ ತಲೆ ಮೊಳಕೈಯ ಒಳಗೆ ಬಂದು ಕೂತಿತು. ಅದಕ್ಕೆ ಹಸಿವಾಗಿತ್ತು. ಅಜ್ಜಿಯ ಗುಳ್ಳೆ ಒಡೆದ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಎಳೆಯಿತು. ತಾರಾಬಾಯಿ ಮಗುವಿನ ಮುಖವನ್ನೇ ನೋಡುತ್ತಿದ್ದಳು, ಬೆರಳು ಎಳೆದದ್ದು ತಿಳಿಯಲಿಲ್ಲ. ಪೂನಮ ಬೆರಳನ್ನು ಮೆಲ್ಲಗೆ ಬಿಡಿಸಿ, ಕೂಸಿನ ಮುಷ್ಟಿಗೆ ಅತ್ತೆಯ ಸೆರಗಿನ ತುದಿ ಕೊಟ್ಟಳು. ಆಮೇಲೆ ನಂಬರ್ ಒತ್ತಿದಳು.

"ಹ್ಯಾಲೋ, ಬೋಲಾ," ಎಂದಿತು ಮರಾಠಿಯಲ್ಲಿ ಮಿರಜದ ಕಡೆಯ ಹೆಣ್ಣು ದನಿ. ಪೂನಮ ತಡವರಿಸಿದ್ದು ಕೇಳಿ, ಅದೇ ಕನ್ನಡಕ್ಕೆ ತಿರುಗಿತು. "ಹೇಳ್ರಿ. ಪೇಶಂಟ್ ಹೆಸರ?"

"ತಾರಾಬಾಯಿ. ಶಿರಗುಪ್ಪಿಯವರ್ರಿ."

"ಏನ ತ್ರಾಸ ಐತ್ರಿ?"

"ಎರಡೂ ಕೈ ಬೆರಳಿಗೆ ಸ್ಪರ್ಶ ಇಲ್ರಿ. ಬಿಸಿ ತಂಪ ತಿಳಿಯಾಂಗಿಲ್ಲ."

"ಎಷ್ಟ ದಿನದಿಂದ?"

ಪೂನಮಳಿಗೆ ಗೊತ್ತಿರಲಿಲ್ಲ. ಫೋನಿನ ಮೇಲೆ ಕೈ ಮುಚ್ಚಿ ಅತ್ತೆಯ ಕಡೆ ತಿರುಗಿದಳು.

"ಹೋದ ವರ್ಷದ ಹಂಗಾಮದಿಂದ," ಎಂದಳು ತಾರಾಬಾಯಿ, ಕೂಸಿನ ಮೇಲಿಂದ ಕಣ್ಣೆತ್ತದೆ.

ಸುಹಾನಿ ಹುಟ್ಟುವುದಕ್ಕೂ ಮೊದಲಿನಿಂದ. ಐದು ತಿಂಗಳ ಕೂಗುಗಳೆಲ್ಲ ಒಮ್ಮೆಗೇ ಪೂನಮಳ ಕಿವಿಯಲ್ಲಿ ಎದ್ದವು. ಬಾ ಬೇ ಒಮ್ಮಿ, ಹದಾ ನೋಡ.

"ಒಂದ ವರ್ಷ ಆತ್ರಿ," ಎಂದಳು ಫೋನಿಗೆ. "ನಮಗ ಈಗ ತಿಳೀತು. ಸೋಮವಾರ ಬರ್ಲೇನ್ರಿ? ಹೂಂ, ನಾನೇ ಕರಕೊಂಡ ಬರ್ತೀನಿ. ನಾನು ಅವರಿಗೆ ಸೊಸಿ ಆಗಬೇಕ್ರಿ."